‘ಅವರಿಗೆ ಬೇರೆ ಶಾಲೆ ಇದೆಯಲ್ಲ’ ಎಂಬ ವಾದ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ವಿದ್ಯಾವಂತರೂ ದಯಾವಂತರೂ ಆದ ಜನ ಮಾತಿಗೆ ಕುಳಿತಿರುವಾಗ, ಊರ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕಣ್ಣು ಕಾಣದ ಮಗುವೊಂದೋ, ಕಿವಿ ಕೇಳದ ಮಗುವೊಂದೋ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವೊಂದೋ ಕುಳಿತಿರುವ ಸಂಗತಿ ಪ್ರಸ್ತಾಪಕ್ಕೆ ಬಂದರೆ, ತಪ್ಪದೆ ಕೇಳಿಬರುವ ಮಾತೊಂದುಂಟು: “ಪಾಪ, ಅವನಿಗೆ ಇಲ್ಲಿ ಯಾಕೆ ಹಿಂಸೆ? ಅವರಿಗೆ ಬೇರೆ ಶಾಲೆ ಇದೆಯಲ್ಲ.” ಈ ಮಾತನ್ನಾಡುವವರಲ್ಲಿ ದುಷ್ಟರು ವಿರಳ, ಜಾತ್ರೆಯಲ್ಲಿ ಅನ್ನಸಂತರ್ಪಣೆಗೆ ಕೈಯೆತ್ತಿ ಕೊಡುವವರು, ನೆರೆಮನೆಯ ಕಷ್ಟಕ್ಕೆ ರಾತ್ರಿ ಎದ್ದು ಓಡುವವರು, ಎಷ್ಟೋ ವೇಳೆ ಸ್ವತಃ ಮೇಷ್ಟ್ರುಗಳು, ಈ ಮಾತನ್ನು ಹೇಳುತ್ತಾರೆ ಮತ್ತು ಹೇಳಿದುದರಿಂದ ಆ ಮಗುವಿಗೆ ಉಪಕಾರವಾಯಿತೆಂದೇ ನಂಬುತ್ತಾರೆ. ಆದುದರಿಂದಲೇ ಈ ಮಾತು ಅಪಾಯಕರವಾದದ್ದು. ದ್ವೇಷದಿಂದ ಬಂದ ಬಹಿಷ್ಕಾರವನ್ನು ಜನ ಗುರುತಿಸಿಯಾರು, ವಿರೋಧಿಸಿಯಾರು. ಕರುಣೆಯ ಧ್ವನಿಯಲ್ಲಿ ಬಂದ ಬಹಿಷ್ಕಾರಕ್ಕೆ ಎಲ್ಲರೂ ತಲೆದೂಗಿಬಿಡುತ್ತಾರೆ, ಮಗುವಿನ ತಾಯಿಯೂ ಸಹ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡದೆ ಖಂಡನೆಗೆ ತೊಡಗುವುದು ನ್ಯಾಯವಾಗದು. ಅವರು ಹೇಳುವುದು ಇಷ್ಟು: ಸಾಮಾನ್ಯ ಶಾಲೆಯ ಉಪಾಧ್ಯಾಯರಿಗೆ ಇಂಥ ಮಕ್ಕಳಿಗೆ ಕಲಿಸುವ ವಿದ್ಯೆ ತಿಳಿದಿಲ್ಲ, ಒಂದು ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಹೇಳುವ ಮೇಷ್ಟ್ರಿಗೆ ಮತ್ತೊಂದು ಭಾರ ಹೊರಿಸುವುದು ಅನ್ಯಾಯ, ಒಬ್ಬನಿಗಾಗಿ ನಿಂತರೆ ಮೂವತ್ತು ಮಕ್ಕಳ ಪಾಠ ಕೆಡುತ್ತದೆ, ಆ ಮಗುವೂ ಸಹಪಾಠಿಗಳ ಗೇಲಿಗೆ ತುತ್ತಾಗಿ, ಏನೂ ತಿಳಿಯದೆ, ಗೋಡೆಗೊರಗಿ ಕುಳಿತು ಬಿಸಿಯೂಟ ಮುಗಿಸಿ ಮನೆಗೆ ಹೋಗುತ್ತದೆ, ಬದಲಿಗೆ, ಅದಕ್ಕೆಂದೇ ಕಟ್ಟಿದ ಶಾಲೆಯಲ್ಲಿ, ತನ್ನಂಥವರ ನಡುವೆ, ಬಲ್ಲವರ ಕೈಯಲ್ಲಿ ಅದು ಬೆಳೆಯುವುದು ಮೇಲಲ್ಲವೆ? ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಇದರಲ್ಲಿ ಅರ್ಧ ಸತ್ಯವೂ ಇದೆ. ಆ ಅರ್ಧ ಸತ್ಯ ಯಾವುದೆಂಬುದನ್ನು ಮುಂದೆ ನೋಡೋಣ. ಮೊದಲು ಆ ‘ಬೇರೆ ಶಾಲೆ’ ಎಲ್ಲಿದೆಯೆಂದು ವಿಚಾರಿಸಬೇಕಾಗಿದೆ.

ಬಂಡೂರು ಮಳವಳ್ಳಿ ತಾಲ್ಲೂಕಿನ ಗ್ರಾಮ. ಅಂಥ ಒಂದು ಗ್ರಾಮದಲ್ಲಿ, ಕಬ್ಬು ಭತ್ತ ರಾಗಿಗಳನ್ನು ನಂಬಿ ಬದುಕುವ ಒಂದು ಕುಟುಂಬದಲ್ಲಿ, ಕಿವಿ ಕೇಳದ ಹೆಣ್ಣುಮಗು ಆರು ವರ್ಷಕ್ಕೆ ಬಂದಿದೆಯೆಂದು ಭಾವಿಸೋಣ. ಸಾಮಾನ್ಯ ಮಗುವಿಗಾದರೆ ಐದನೆಯ ತರಗತಿಯವರೆಗಿನ ಶಾಲೆ 1 ಕಿಲೋಮೀಟರಿನೊಳಗೆ, ಎಂಟನೆಯದರವರೆಗಿನ ಶಾಲೆ 3 ಕಿಲೋಮೀಟರಿನೊಳಗೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ ಅಳತೆ ಹಾಕಿಕೊಟ್ಟಿದೆ. ಏಕೆಂದರೆ ಮಗುವಿನ ಕಾಲು ಎಷ್ಟು ದೂರ ನಡೆದೀತು, ತಾಯಿಯ ಮನಸ್ಸು ಎಷ್ಟು ದೂರಕ್ಕೆ ಕಳುಹಿಸೀತು ಎಂಬುದನ್ನು ಕಾನೂನು ಬರೆದವರು ಬಲ್ಲವರಾಗಿದ್ದರು. ಈ ಮಗುವಿಗಾದರೋ ‘ಬೇರೆ ಶಾಲೆ’ ಎಂದರೆ ಮಂಡ್ಯ ಅಥವಾ ಮೈಸೂರು, ಹೆಚ್ಚಾಗಿ ವಿದ್ಯಾರ್ಥಿನಿಲಯದ ವಾಸ. ಆರು ವರ್ಷದ ಕೂಸು, ತನಗಾಗುವ ನೋವನ್ನು ಮಾತಿನಲ್ಲಿ ಹೇಳಿಕೊಳ್ಳಲಾರದ ಕೂಸು, ತಾಯಿಯ ಮಗ್ಗುಲನ್ನು ಬಿಟ್ಟು ಅಪರಿಚಿತರ ನಡುವೆ ಮಲಗಬೇಕು. ನಮ್ಮ ಮಕ್ಕಳನ್ನು ಆರನೆಯ ವಯಸ್ಸಿಗೆ ನಾವು ಕಳುಹಿಸೇವೆ? ಗಂಡುಮಗುವಾದರೆ ಮನೆಯವರು ಅತ್ತು ಕರೆದು ಕಳುಹಿಸಿಯಾರು; ಹೆಣ್ಣುಮಗುವನ್ನು ಬಹುಮಟ್ಟಿಗೆ ಕಳುಹಿಸಲಾರರು. ಊರ ಶಾಲೆ ಬೇಡವೆಂದಿತು, ದೂರದ ಶಾಲೆಗೆ ಧೈರ್ಯ ಬರಲಿಲ್ಲ. ಮಗು ಜಗಲಿಯ ಮೇಲೆ ಉಳಿಯಿತು. ಹೀಗೆ, ಆಡುವವರ ಮನಸ್ಸಿನಲ್ಲಿ ಒಂದು ಶಾಲೆಯನ್ನು ತೋರಿಸುವ ಈ ಮಾತು, ಹಳ್ಳಿಯ ವಾಸ್ತವದಲ್ಲಿ ಯಾವ ಶಾಲೆಯೂ ಇಲ್ಲದಂತೆ ಮಾಡಿಬಿಡುತ್ತದೆ.

ಗಂಡುಮಗುವೊಂದನ್ನು ಕಳುಹಿಸಿದರೆಂದೇ ಇಟ್ಟುಕೊಳ್ಳೋಣ. ಹತ್ತು ವರ್ಷ ಹೊರಗೆ ಬೆಳೆದು ಮರಳಿದ ಹುಡುಗ ತನ್ನ ಊರಿಗೆ ಅತಿಥಿಯಾಗಿ ಬರುತ್ತಾನೆ. ಅವನೊಡನೆ ಗೋಲಿಯಾಡಿದವರಿಲ್ಲ, ಅವನ ಸನ್ನೆ ಬಲ್ಲ ಗೆಳೆಯನಿಲ್ಲ, ಆಲೆಮನೆಯಲ್ಲಿ ಬಿಸಿಬೆಲ್ಲಕ್ಕೆ ಕೈಯೊಡ್ಡಿ ನಿಂತ ಹುಡುಗರ ಗುಂಪಿನಲ್ಲಿ ಅವನೊಬ್ಬನಿದ್ದನೆಂಬ ನೆನಪು ಯಾರಿಗೂ ಇಲ್ಲ. ಮುಂದೆ ಜಮೀನು ಭಾಗವಾಗುವಾಗ, ಸಂಘದ ಸಾಲ ಕೇಳಲು ಹೋದಾಗ, ಮದುವೆಯ ಮಾತು ಬಂದಾಗ, ಅವನ ಪರವಾಗಿ ನಿಲ್ಲತಕ್ಕವರು ಯಾರು? ಒಂದೇ ಕೋಣೆಯಲ್ಲಿ ಕಲಿತ ಮೂವತ್ತು ಮಕ್ಕಳ ಪೈಕಿ ನಾಲ್ವರಾದರೂ ಅವನಿಗೆ ಸಾಕ್ಷಿಗಳಾಗಿ, ಬಂಧುಗಳಾಗಿ ಬೆಳೆಯುತ್ತಿದ್ದರು. ಆ ನಾಲ್ವರನ್ನು ಅವನಿಂದ ಕಸಿದುಕೊಂಡವರು ನಾವು.

ವಿಶೇಷ ಶಾಲೆಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ದೇಶದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟಿದ್ದಾಗ, 1901ರಲ್ಲಿಯೇ, ಅಂಧ ಮತ್ತು ಕಿವುಡ ಮಕ್ಕಳಿಗೆಂದು ಶಾಲೆ ತೆರೆದದ್ದು ಮೈಸೂರು. 1965ರಲ್ಲಿ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದದ್ದೂ ಅದೇ ನಗರದಲ್ಲಿ, ಬಂಡೂರಿನ ಜನ ಆಸ್ಪತ್ರೆಗೆ, ಸಂತೆಗೆ, ಮದುವೆಯ ಸೀರೆಗೆ ಹೋಗಿಬರುವ ನಗರದಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ, ತಾವೇ ದೃಷ್ಟಿಹೀನರಾಗಿದ್ದು, ಬೀದಿಯಲ್ಲಿ ಭಿಕ್ಷೆಗೆ ಬೀಳಬಹುದಾಗಿದ್ದ ಮಕ್ಕಳನ್ನು ಸಂಗೀತ ವಿದ್ವಾಂಸರನ್ನಾಗಿ ಮಾಡಿದರು. ಈ ಮಹನೀಯರ ಮುಂದೆ ತಲೆಬಾಗದವನು ಕನ್ನಡಿಗನೇ ಅಲ್ಲ. ಆದರೆ ಅವರ ಬದುಕಿನಿಂದ ತೆಗೆಯತಕ್ಕ ನಿಷ್ಕರ್ಷೆ ಯಾವುದು? ಕಣ್ಣಿಲ್ಲದವರನ್ನು ಬೇರೆ ಇಡಬೇಕೆಂಬುದೋ, ಅಥವಾ ಬಲ್ಲ ಗುರು ದೊರೆತರೆ ಕಣ್ಣಿಲ್ಲದ ಮಗುವೂ ಶಾಸ್ತ್ರದ ಶಿಖರವನ್ನೇರಬಲ್ಲದೆಂಬುದೋ? ಊರ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ತಮ್ಮ ಮಠದ ಬಾಗಿಲು ತೆರೆದರು. ಅವರ ಹೆಸರನ್ನು ಹೇಳಿ ಊರ ಶಾಲೆಯ ಬಾಗಿಲನ್ನು ಮುಚ್ಚಿಯೇ ಇಡುವುದು ಅವರಿಗೆ ಮಾಡುವ ಗೌರವವಾಗದು.

ಇಂಥ ಮಕ್ಕಳನ್ನು ಊರ ಶಾಲೆಯಲ್ಲಿ ಕೂರಿಸುವುದು ನಿನ್ನೆ ಮೊನ್ನೆ ಹುಟ್ಟಿದ ಹೊಸ ಹುಚ್ಚೆಂದು ಹೇಳುವವರಿಗೂ ಒಂದು ಮಾತು. ಅಂಗವಿಕಲ ಮಕ್ಕಳ ಶಿಕ್ಷಣವು ಸಾಮಾನ್ಯ ಶಿಕ್ಷಣದಿಂದ ಬೇರ್ಪಡಿಸಲಾಗದ ಅಂಗವಾಗಿರಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದು ಯೋಜನೆಯನ್ನೇ ಆರಂಭಿಸಿತು. 1977ರಲ್ಲಿ ಇಟಲಿ ದೇಶ ಕಾನೂನು ಮಾಡಿ ಬೇರೆ ತರಗತಿಗಳ ಪದ್ಧತಿಯನ್ನೇ ಕೈಬಿಟ್ಟಿತು. 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ಸೇರಿದ ರಾಷ್ಟ್ರಗಳು ಅದನ್ನೇ ಘೋಷಿಸಿದವು. ಕೊನೆಗೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ, ಹಿಂದೆ 7 ಇದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಪ್ರಮಾಣದ ವೈಕಲ್ಯವುಳ್ಳ ಮಗು 6ರಿಂದ 18 ವರ್ಷದವರೆಗೆ ತನ್ನ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಪಡೆದಿದೆಯೆಂದು ವಿಧಿಸಿತು. ಆಯ್ಕೆ ಮಗುವಿನದು ಮತ್ತು ಅದರ ತಂದೆತಾಯಿಗಳದು. ಮುಖ್ಯೋಪಾಧ್ಯಾಯರದಲ್ಲ, ಪಕ್ಕದ ಮನೆಯ ಹಿರಿಯರದಲ್ಲ. ದಾಖಲಾತಿಗೆ ಬಂದ ತಾಯಿಗೆ “ಇದು ಇಲ್ಲಿ ಆಗುವುದಿಲ್ಲ ಕಣಮ್ಮ” ಎಂದು ಹೇಳಿ ಹಿಂದಕ್ಕೆ ಕಳುಹಿಸುವುದು ಇಂದು ಸಲಹೆಯೆನಿಸದು, ಕಾನೂನಿನ ಉಲ್ಲಂಘನೆಯೆನಿಸುತ್ತದೆ.

ಇನ್ನು, ಒಬ್ಬನಿಗಾಗಿ ಮೂವತ್ತು ಮಕ್ಕಳ ಪಾಠ ಕೆಡುತ್ತದೆಂಬ ಆಕ್ಷೇಪಣೆ. ಇದನ್ನು ಹೇಳುವವರು ತರಗತಿಯೆಂದರೆ ಮೂವತ್ತು ಮಕ್ಕಳು ಒಂದೇ ಹೆಜ್ಜೆಯಲ್ಲಿ ನಡೆಯುವ ಕವಾಯತೆಂದು ಭಾವಿಸಿದಂತಿದೆ. ಮಂಡ್ಯದ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಕೆಲವು ಸರ್ಕಾರಿ ಉಪಾಧ್ಯಾಯರ ಶ್ರಮದಿಂದ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯ ಮೂಲತತ್ತ್ವ ಯಾವುದು? ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಕಲಿಕೆಯ ಏಣಿಯಲ್ಲಿ ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಜ್ವರ ಬಂದು ಹದಿನೈದು ದಿನ ಬಿಟ್ಟ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯತಕ್ಕದ್ದು, ಇಡೀ ತರಗತಿಯ ಹಿಂದೆ ಓಡತಕ್ಕದ್ದಲ್ಲ. ಈ ತತ್ತ್ವವನ್ನು ಆ ಶಾಲೆಗಳ ಒಂದನೆಯ ತರಗತಿಯ ಪ್ರತಿಯೊಂದು ಕೋಣೆಯಲ್ಲೂ ಒಪ್ಪಿಕೊಂಡು, ಕಾರ್ಡುಗಳನ್ನು ಅಚ್ಚು ಹಾಕಿಸಿ, ಮಕ್ಕಳನ್ನು ಗುಂಪು ಗುಂಪಾಗಿ ನೆಲದ ಮೇಲೆ ಕೂರಿಸಿ, ಆ ಮೇಲೆ ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವೊಂದು ಬಂದು “ನಾನೂ ನನ್ನ ಮೆಟ್ಟಿಲ ಮೇಲೆ ನಿಲ್ಲುತ್ತೇನೆ” ಎಂದರೆ, ನಿನಗೆ ಏಣಿಯೇ ಬೇರೆ, ಕಟ್ಟಡವೇ ಬೇರೆ ಎನ್ನುವುದು ಯಾವ ತರ್ಕ?

ಒಂದು ಚಿಕ್ಕ ಸಂಗತಿಯನ್ನು ಹತ್ತಿರದಿಂದ ನೋಡಬಹುದು. ಅರೆ ಕಿವುಡಾದ ಮಗು ಕಿವಿಯ ಯಂತ್ರದಿಂದ ಬರುವ ಅಸ್ಪಷ್ಟ ನಾದವನ್ನು ಮೇಷ್ಟ್ರ ತುಟಿಯ ಚಲನೆಯೊಡನೆ ಜೋಡಿಸಿಕೊಂಡು ಮಾತನ್ನು ಗ್ರಹಿಸುತ್ತದೆ. ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿ ಬರೆಯುತ್ತ ಬರೆಯುತ್ತ ಮಾತನಾಡಿದರೆ, ಆ ಮಗುವಿಗೆ ಪಾಠ ಅಲ್ಲಿಗೆ ಕಡಿದುಹೋಯಿತು. ಎದುರಿಗೆ ನಿಂತರೂ ಪಕಾರ, ಬಕಾರ, ಮಕಾರಗಳು ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ‘ಪಾಲು’, ‘ಬಾಲು’, ‘ಮಾಲು’ಗಳ ಭೇದ ಅದಕ್ಕೆ ಬಾಯಿಯಿಂದ ತಿಳಿಯುವುದಿಲ್ಲ, ಹಲಗೆಯ ಮೇಲೆ ಆ ಶಬ್ದವನ್ನು ಬರೆದು ತೋರಿಸಿದರೆ ತಿಳಿಯುತ್ತದೆ. ಹಾಗಾದರೆ ಮೇಷ್ಟ್ರು ಮಾಡಬೇಕಾದುದೇನು? ಮೊದಲು ಬರೆಯುವುದು, ಆ ಮೇಲೆ ತಿರುಗಿ, ಬೆಳಕು ಮುಖಕ್ಕೆ ಬೀಳುವಂತೆ ನಿಂತು, ಬಿಡಿಸಿ ಹೇಳುವುದು. ಹೊಸ ಶಬ್ದಗಳನ್ನು ಹಲಗೆಯ ಒಂದು ಬದಿಗೆ ಬರೆದಿಡುವುದು. ಇದರಿಂದ ಉಳಿದ ಮೂವತ್ತು ಮಕ್ಕಳ ಪಾಠ ಕೆಡುವುದೋ, ಸುಧಾರಿಸುವುದೋ? ಹಿಂದಿನ ಸಾಲಿನಲ್ಲಿ ಕುಳಿತು ಅರ್ಧ ಕೇಳಿ ಅರ್ಧ ಬಿಡುವ, ನಾಚಿಕೆಯಿಂದ ಪ್ರಶ್ನೆ ಕೇಳದ ಎಷ್ಟು ಮಕ್ಕಳು ಆ ಒಂದು ಕಿವುಡ ಮಗುವಿನ ದೆಸೆಯಿಂದ ಪಾಠವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಯಾರು!

ಈಗ ಪೂರ್ವಪಕ್ಷದ ಅರ್ಧ ಸತ್ಯಕ್ಕೆ ಬರೋಣ. ಸಾಮಾನ್ಯ ಶಾಲೆಯ ಉಪಾಧ್ಯಾಯರಿಗೆ ಈ ವಿದ್ಯೆ ತಿಳಿದಿಲ್ಲವೆಂಬುದು ಬಹುಪಾಲು ನಿಜ. ತುಟಿಯೋದುವ ಮಗುವಿನ ಎದುರು ಹೇಗೆ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಈ ಸತ್ಯದಿಂದ ಹೊರಡತಕ್ಕ ತೀರ್ಮಾನ ‘ಮಗುವನ್ನು ಹೊರಗೆ ಕಳುಹಿಸಿ’ ಎಂಬುದಲ್ಲ, ‘ಬಲ್ಲವರನ್ನು ಒಳಗೆ ತನ್ನಿ’ ಎಂಬುದು. ಬಲ್ಲವರು ಇದ್ದಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ವಿಶೇಷ ಶಿಕ್ಷಕರು ನಾಡಿನಲ್ಲಿದ್ದಾರೆ; ನಮ್ಮ ತಾಲ್ಲೂಕುಗಳ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ, ಇಲಾಖೆಯವರು ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ, ದುಡಿಯುತ್ತಿದ್ದಾರೆ. ಅವರ ವಿದ್ಯೆ ಎಂಥದೆಂಬುದನ್ನು ನಮ್ಮ ಜನ ಅರಿತಿಲ್ಲ. ಅರಿತಿದ್ದರೆ ‘ಬೇರೆ ಶಾಲೆ’ಯ ಮಾತು ಇಷ್ಟು ಸುಲಭವಾಗಿ ಬಾಯಿಗೆ ಬರುತ್ತಿರಲಿಲ್ಲ.

ಬ್ರೈಲ್ ಲಿಪಿಯನ್ನೇ ತೆಗೆದುಕೊಳ್ಳಿ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಪದ್ಧತಿ ಅಂಗೀಕೃತವಾಯಿತು. ಕನ್ನಡವನ್ನು ಬರೆಯುವುದು ಅದರಲ್ಲಿಯೇ. ಆರು ಚುಕ್ಕಿಗಳ ಒಂದು ಮನೆ, ಮನೆಗೊಂದು ಅಕ್ಷರ. ಅಚ್ಚಿನ ಕನ್ನಡದಲ್ಲಿ ‘ಕಾ’ ಎಂಬುದು ಒಂದೇ ಆಕೃತಿ. ಬ್ರೈಲಿನಲ್ಲಿ ಕಕಾರಕ್ಕೆ ಒಂದು ಮನೆ, ಅದರ ಪಕ್ಕದಲ್ಲಿ ಆಕಾರಕ್ಕೆ ಒಂದು ಮನೆ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಮುಂಚಿತವಾಗಿ ಒಂದು ಚುಕ್ಕಿ ಸೂಚನೆ ಕೊಡುತ್ತದೆ, ಆ ಮೇಲೆ ವ್ಯಂಜನಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಅಂದರೆ ನಾವು ಕಣ್ಣಿನಿಂದ ಕಲಿತ ಕಾಗುಣಿತವನ್ನು ಅಂಧ ಮಗು ಬೆರಳ ತುದಿಯಲ್ಲಿ ಬಿಡಿಸಿಟ್ಟ ಸರಪಣಿಯಾಗಿ ಕಲಿಯುತ್ತದೆ. ಬರೆಯುವಾಗಲಂತೂ ತಗಡಿನ ಚೌಕಟ್ಟಿನ ನಡುವೆ ಕಾಗದವಿಟ್ಟು ಮೊನೆಗಡ್ಡಿಯಿಂದ ಹಿಂಬದಿಯಲ್ಲಿ ಚುಚ್ಚಬೇಕಾದ್ದರಿಂದ, ಬಲದಿಂದ ಎಡಕ್ಕೆ, ಪ್ರತಿಯೊಂದು ಅಕ್ಷರವನ್ನೂ ತಿರುವಿ ಬರೆದು, ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಏಳು ವರ್ಷದ ಮಗುವಿನ ಬೆರಳಿಗೆ ಈ ವಿದ್ಯೆಯನ್ನು ಇಳಿಸಿ, ಅದೇ ಮಗುವನ್ನು ಕೆಲವು ವರ್ಷಗಳಲ್ಲಿ ಕಣ್ಣುಳ್ಳ ಸಹಪಾಠಿಗಳೊಡನೆ ಒಂದೇ ಗದ್ಯಪಾಠವನ್ನು ಓದುವಂತೆ ಮಾಡತಕ್ಕ ಶಿಕ್ಷಕರನ್ನು ನಾವು ಏನೆಂದು ಕರೆಯುತ್ತೇವೆ? “ಪಾಪ, ಸೇವೆ ಮಾಡ್ತಾರೆ” ಎನ್ನುತ್ತೇವೆ. ವೀಣೆ ಕಲಿಸುವವರನ್ನು ವಿದ್ವಾಂಸರೆನ್ನುವ ನಾಡು ಇವರ ವಿದ್ವತ್ತನ್ನು ಕರುಣೆಯ ಲೆಕ್ಕಕ್ಕೆ ಬರೆದುಕೊಂಡಿದೆ.

ಮತ್ತೊಂದು ದೃಶ್ಯ ನನ್ನ ಕಣ್ಣ ಮುಂದಿದೆ. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಮನೆ. ಒಂದು ಬದಿಗೆ ರೇಷ್ಮೆ ಹುಳುವಿನ ತಟ್ಟೆಗಳ ಸಾಲು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಗೃಹಾಧಾರಿತ ಶಿಕ್ಷಣಕ್ಕೆಂದು ಬಂದ ಶಿಕ್ಷಕಿ, ಒಂಬತ್ತು ಹತ್ತು ವರ್ಷದ, ಮಾತು ಸರಿಯಾಗಿ ಹೊರಡದ ಹುಡುಗನಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದರು. ಮೇಲಿನಿಂದ ನಾಲ್ಕು ಗುಂಡಿಗಳನ್ನು ತಾವೇ ಹಾಕಿ, ಕೊನೆಯದನ್ನು ತೂತಿನೊಳಗೆ ಅರ್ಧ ತೂರಿಸಿ, ಉಳಿದರ್ಧವನ್ನು ಅವನು ಎಳೆಯುವಂತೆ ಬಿಟ್ಟರು. ಅವನು ಎಳೆದ; ಅಂಗಿ ಮುಚ್ಚಿತು; ಕೆಲಸ ಪೂರ್ತಿಯಾದದ್ದು ಅವನ ಕೈಯಿಂದಲೇ. ಮುಂದಿನ ವಾರಗಳಲ್ಲಿ ಕೊನೆಯ ಗುಂಡಿ ಪೂರ್ತಿ ಅವನದು, ಅನಂತರ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ. ಮೊದಲ ಗುಂಡಿಯಿಂದ ಆರಂಭಿಸಿದ್ದರೆ ಮಗು ಪ್ರತಿ ಸಲವೂ ಸೋತು ಅಂಗಿಯನ್ನು ಎಸೆಯುತ್ತಿತ್ತು. ಕೊನೆಯಿಂದ ಆರಂಭಿಸಿದುದರಿಂದ ಪ್ರತಿ ಸಲವೂ ಗೆದ್ದು ಮುಗಿಸುತ್ತದೆ. ಆ ತಾಯಿ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದವರು, “ಮೊದ್ಲು ಎಲ್ಲಾ ನಾನೇ ಹಾಕ್ಬುಡ್ತಿದ್ದೆ ಮೇಡಮ್ಮೋರೆ, ಈಗ ಕೈ ತಡ್ಕಂಡು ನಿಂತ್ಕತೀನಿ” ಎಂದರು. “ಹಂಗೇ ನಿಂತ್ಕೊಳಿ ಕಣಮ್ಮ, ತಡ ಆದ್ರೂ ಅವನೇ ಹಾಕ್ಲಿ” ಎಂದು ಶಿಕ್ಷಕಿ ಅವನ ಕೈಯಿಂದ ಕಣ್ಣು ತೆಗೆಯದೆ ಹೇಳಿದರು. ಒಂದು ಗುಂಡಿಯ ಹಿಂದೆ ಇಷ್ಟು ಶಾಸ್ತ್ರವಿದೆ, ಇಷ್ಟು ಸಂಯಮವಿದೆ. ಮಗುವಿಗೆ ಕಲಿಸುವಷ್ಟೇ ಪ್ರಯಾಸದಿಂದ ಮನೆಯವರಿಗೂ ಕಲಿಸುವ ಕೌಶಲವಿದೆ. ಆ ಶಿಕ್ಷಕಿ ಅಲ್ಲಿಂದ ಎದ್ದು, ಬಸ್ಸು ಹಿಡಿದು, ಇನ್ನೊಂದು ಹೋಬಳಿಯ ಇನ್ನೊಂದು ಮನೆಗೆ ಹೋಗಬೇಕಾಗಿತ್ತು.

ಇಂಥವರನ್ನು ನಾವು ನಡೆಸಿಕೊಳ್ಳುವ ರೀತಿಯೇ ಈ ಪ್ರಬಂಧದ ಎರಡನೆಯ, ಹೆಚ್ಚು ನೋವಿನ ಭಾಗ. ‘ಬೇರೆ ಶಾಲೆ’ಯ ಮಾತು ಜನರದಾದರೆ, ಆಡಳಿತದಲ್ಲಿ ಇನ್ನೊಂದು ಮಾತು ಮೆಲ್ಲನೆ ಬೇರೂರಿದೆ: ಸಮನ್ವಯವೆಂದರೆ ಎಲ್ಲರನ್ನೂ ದಾಖಲು ಮಾಡಿಕೊಳ್ಳುವುದು, ದಾಖಲಾತಿ ಆದಮೇಲೆ ಎಲ್ಲ ಶಿಕ್ಷಕರೂ ಸಮನ್ವಯ ಶಿಕ್ಷಕರೇ, ಪ್ರತ್ಯೇಕವಾಗಿ ವಿಶೇಷ ಶಿಕ್ಷಕರ ಹುದ್ದೆ ಏಕೆ? ಮೇಲ್ನೋಟಕ್ಕೆ ಇದು ಮೊದಲನೆಯ ಮಾತಿಗೆ ವಿರುದ್ಧವಾಗಿ ಕಂಡರೂ, ಪರಿಣಾಮದಲ್ಲಿ ಎರಡೂ ಒಂದೇ. ಒಂದು ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ, ಇನ್ನೊಂದು ಬಾಗಿಲೊಳಗೆ ಕೂರಿಸಿ ಮರೆತುಬಿಡುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಪಾಠದಲ್ಲಿ ಪಾಲಿಲ್ಲದ ಮಗುವನ್ನು ತೋರಿಸಿಯೇ ಮೊದಲನೆಯ ಪಕ್ಷದವರು “ನೋಡಿದಿರಾ, ನಾವು ಹೇಳಲಿಲ್ಲವೆ?” ಎನ್ನುತ್ತಾರೆ. ಹೀಗೆ ಒಂದು ತಪ್ಪು ಮತ್ತೊಂದಕ್ಕೆ ಆಧಾರವನ್ನು ಒದಗಿಸುತ್ತ ಬಂದಿದೆ.

ತಾಲ್ಲೂಕಿನ ನೂರಾರು ಶಾಲೆಗಳಿಗೆ ಇರುವ ಈ ಕೆಲವೇ ಮಂದಿ, ಕೆಲವರು ನಿಯೋಜನೆಯ ಮೇಲೆ, ಕೆಲವರು ವರ್ಷ ವರ್ಷ ನವೀಕರಣವಾಗುವ ಗೌರವಧನದ ಮೇಲೆ, ಮಾಡುವ ಕೆಲಸದ ಪರಿಯೆಷ್ಟು! ಮಕ್ಕಳನ್ನು ಗುರುತಿಸುವುದು, ತಪಾಸಣಾ ಶಿಬಿರಕ್ಕೆ ಕರೆತರುವುದು, ಅಲ್ಲಿ ಅಳತೆ ಕೊಟ್ಟ ಗಾಲಿಕುರ್ಚಿಯೋ ಕ್ಯಾಲಿಪರೋ ಬಂದಾಗ ಅದು ಆ ಮಗುವಿಗೆ ಒಪ್ಪುವುದೇ ಎಂದು ನೋಡುವುದು, ಗುರುತಿನ ಚೀಟಿಗೆ ತಂದೆತಾಯಿಗಳೊಡನೆ ಅಲೆಯುವುದು, ಶಾಲೆ ಶಾಲೆಗೆ ಹೋಗಿ ಮೇಷ್ಟ್ರುಗಳಿಗೆ ಹೇಳಿಕೊಡುವುದು, ಶಾಲೆಗೆ ಬರಲಾರದ ತೀವ್ರ ವೈಕಲ್ಯದ ಮಕ್ಕಳ ಮನೆಗಳಿಗೆ ಹೋಗುವುದು, ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂದಾಗ ಹೆಚ್ಚುವರಿ ಸಮಯಕ್ಕೂ ಬರಹಗಾರರಿಗೂ ಕಾಗದಪತ್ರ ಸಿದ್ಧಪಡಿಸುವುದು. ಇವೆಲ್ಲದರ ನಡುವೆ, ಕಛೇರಿಯಲ್ಲಿ ಅಂಕಿಅಂಶ ತುಂಬುವವರಿಲ್ಲದಾಗ ಆ ಕೆಲಸಕ್ಕೂ ಇವರೇ. ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳಲ್ಲಿ ದುಡಿಯುವವರ ಪಾಡೂ ಬೇರೆಯಲ್ಲ. ಅನುದಾನ ಬಂದ ತಿಂಗಳು ಸಂಬಳ, ಬಾರದ ತಿಂಗಳು ಸಹನೆ. ಮಗುವಿನೊಡನೆ ಎರಡು ವರ್ಷ ಕುಳಿತು ನಂಬಿಕೆ ಗಳಿಸಿದ ಶಿಕ್ಷಕಿ, ಸಂಸಾರ ಸಾಗದೆ ಬೇರೆ ಉದ್ಯೋಗಕ್ಕೆ ಹೋದ ದಿನ, ಗುಂಡಿಯ ಪಾಠ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಮಗುವಿಗೆ ಅದು ಬರಿಯ ಶಿಕ್ಷಕರ ಬದಲಾವಣೆಯಲ್ಲ. ತನ್ನ ಭಾಷೆ ಬಲ್ಲ ಒಬ್ಬರೇ ಒಬ್ಬರು ಇಲ್ಲವಾದಂತೆ.

ಈ ಅನ್ಯಾಯವನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ಗುರುತಿಸಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಕೊಟ್ಟ ತೀರ್ಪಿನಲ್ಲಿ, ಸಾಮಾನ್ಯ ಶಾಲೆಗಳಲ್ಲಿ ಈ ಮಕ್ಕಳಿಗೆ ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳನ್ನು ಸೃಷ್ಟಿಸಬೇಕೆಂದು ಅದು ಆದೇಶಿಸಿತು. ಅದರ ಮೇರೆಗೆ 2022ರಲ್ಲಿ ಕೇಂದ್ರ ಸರ್ಕಾರ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ಪ್ರಮಾಣ ಗೊತ್ತುಪಡಿಸಿತು. ರಾಜ್ಯಗಳು ಆಲಸ್ಯ ತೋರಿದ್ದನ್ನು ಕಂಡು 2025ರ ಮಾರ್ಚ್ 7ರಂದು ನ್ಯಾಯಾಲಯ ಮತ್ತೆ, ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸಿ ನೇಮಕ ಮಾಡಿರೆಂದೂ, ವರ್ಷಾನುಗಟ್ಟಲೆ ಗುತ್ತಿಗೆಯಲ್ಲಿ ದುಡಿದವರ ಅರ್ಹತೆಯನ್ನು ಪರಿಶೀಲಿಸಿರೆಂದೂ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಇದರ ಮುಂದೆ ಸಮಗ್ರ ಶಿಕ್ಷಣ ಯೋಜನೆ ಇಂಥ ಒಂದು ಮಗುವಿಗೆ ವರ್ಷಕ್ಕೆ ಗೊತ್ತುಮಾಡಿರುವ ಗರಿಷ್ಠ 3,500 ರೂಪಾಯಿಯನ್ನೂ, ಹೆಣ್ಣುಮಗುವಿಗೆ ತಿಂಗಳಿಗೆ ಕೊಡುವ 200 ರೂಪಾಯಿಯನ್ನೂ ಇಟ್ಟು ನೋಡಿದರೆ, ಈ ಮಕ್ಕಳಿಂದ ಬೊಕ್ಕಸ ಬರಿದಾಗುತ್ತದೆಂಬ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ಬಂಡೂರು ಎಂದೊಡನೆ ನಾಡಿಗೆಲ್ಲ ನೆನಪಾಗುವುದು ಆ ಗ್ರಾಮದ ಹೆಸರು ಹೊತ್ತ ಕುರಿಯ ತಳಿ. ಗಿಡ್ಡ ಕಾಲಿನ, ದುಂಡು ಮೈಯ, ಬೆಲೆಯುಳ್ಳ ತಳಿ. ಅದು ಅಳಿದುಹೋಗಬಾರದೆಂದು ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರ ಕುರಿ ಸಂವರ್ಧನಾ ಕ್ಷೇತ್ರವನ್ನು ನಡೆಸಿಕೊಂಡು ಬಂದಿದೆ. ಬಹಳ ಒಳ್ಳೆಯ ಕೆಲಸ. ರೈತನ ಬದುಕಿಗೆ ಆಧಾರವಾದುದನ್ನು ಕಾಪಾಡುವುದು ಸರ್ಕಾರದ ಧರ್ಮವೇ ಸರಿ. ಬೆಲೆಯುಳ್ಳದ್ದೆಂದು ನಂಬಿದ್ದಕ್ಕೆ ನಾವು ಸ್ಥಳ ಕೊಡುತ್ತೇವೆ, ಜನರನ್ನು ಕೊಡುತ್ತೇವೆ, ದಶಕಗಳ ಕಾಲ ತಾಳ್ಮೆಯಿಂದ ನಡೆಸುತ್ತೇವೆ ಎಂಬುದಕ್ಕೆ ಅದು ಸಾಕ್ಷಿ. ಆ ತಾಳ್ಮೆಯೂ ಆ ಶಾಶ್ವತ ಏರ್ಪಾಡೂ ಅದೇ ತಾಲ್ಲೂಕಿನ ಮಕ್ಕಳ ಶಿಕ್ಷಕರಿಗೆ ಏಕೆ ಲಭ್ಯವಾಗಬಾರದು?

ನನ್ನ ಪಕ್ಷಕ್ಕೆ ಎದುರಾಗುವ ಬಲವಾದ ಆಕ್ಷೇಪಣೆಯೊಂದಿದೆ, ಅದನ್ನು ಮುಚ್ಚಿಡಲಾರೆ. ಹುಟ್ಟಿನಿಂದ ಪೂರ್ಣ ಕಿವುಡಾದ ಮಗುವಿಗೆ ಸನ್ನೆಯೇ ಮಾತೃಭಾಷೆ; ಸನ್ನೆ ಬಲ್ಲವರು ಒಬ್ಬರೂ ಇಲ್ಲದ ಊರ ಶಾಲೆಯಲ್ಲಿ ಅದನ್ನು ಕೂರಿಸಿದರೆ, ಮೂವತ್ತು ಮಕ್ಕಳ ನಡುವೆ ಅದು ಏಕಾಂತವಾಸಿಯಾಗುತ್ತದೆ; ಅಂಥ ಮಗು ತನ್ನಂಥ ಹತ್ತು ಮಕ್ಕಳ ನಡುವೆ ಮೊದಲ ಬಾರಿಗೆ ನಗುವುದನ್ನು ಕಂಡವರು, ವಿಶೇಷ ಶಾಲೆಯೇ ಅದರ ಮನೆಯೆಂದು ಹೇಳಿದರೆ, ನಾನು ಅವರೊಡನೆ ಜಗಳವಾಡಲಾರೆ. ಕಾನೂನು ಎರಡೂ ಬಾಗಿಲುಗಳನ್ನು ತೆರೆದಿಟ್ಟಿರುವುದು ಇದಕ್ಕಾಗಿಯೇ. ಆದರೆ ಒಂದು ಬಾಗಿಲಿಗೆ ಬೀಗ ಹಾಕಿ ಇನ್ನೊಂದನ್ನು ತೋರಿಸಿದರೆ ಅದನ್ನು ಆಯ್ಕೆಯೆನ್ನಲಾಗದು. ಅದೇ ಕಾನೂನು, ಕಿವುಡ ಮಗುವಿಗೆ ಅದಕ್ಕೊಪ್ಪುವ ಭಾಷೆಯಲ್ಲಿಯೇ ಶಿಕ್ಷಣ ದೊರೆಯಬೇಕೆಂದೂ, ಸನ್ನೆಭಾಷೆ ಮತ್ತು ಬ್ರೈಲ್ ಬಲ್ಲ ಶಿಕ್ಷಕರನ್ನು, ಸ್ವತಃ ವಿಕಲಚೇತನರಾದವರನ್ನೂ ಸೇರಿಸಿ, ನೇಮಿಸಬೇಕೆಂದೂ ಹೇಳಿದೆ. ಊರ ಶಾಲೆಯಲ್ಲಿ ಸನ್ನೆ ಬಲ್ಲ ಒಬ್ಬ ಶಿಕ್ಷಕರನ್ನು ಇಟ್ಟು, ಮೂವತ್ತು ಮಕ್ಕಳಿಗೂ ಅದನ್ನು ಕಲಿಸಿ ನೋಡಿದ ಮೇಲೆ, ಆ ಮಗುವಿನ ತಂದೆತಾಯಿ ಯಾವ ಬಾಗಿಲನ್ನು ಆರಿಸಿದರೂ ಸರಿಯೇ.

ಈ ಸೀಮೆಯ ಜನಕ್ಕೆ ಇದನ್ನು ಹೊರಗಿನಿಂದ ಯಾರೂ ಬಂದು ಬೋಧಿಸಬೇಕಾಗಿಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಒಕ್ಕಲಾದವರು, ರಾತ್ರಿಯೆಲ್ಲ ಕುಳಿತು ನೀಲಗಾರರ ಬಾಯಲ್ಲಿ ಕೇಳುತ್ತ ಬಂದ ಕಥೆಯಲ್ಲಿ ಆ ಸ್ವಾಮಿ ಕಲ್ಯಾಣಪಟ್ಟಣಕ್ಕೆ ಬಂದದ್ದು ಯಾವ ರೂಪದಲ್ಲಿ? ಮೈಯೆಲ್ಲ ಕೊಳೆತು ನಾರುವ ರೋಗಿಯ ರೂಪದಲ್ಲಿ. ಧರ್ಮಕ್ಕೆ ಹೆಸರಾದ ಆ ಪಟ್ಟಣದ ಬಾಗಿಲಲ್ಲಿದ್ದವರು ಅವನನ್ನು ಒಳಗೆ ಬಿಡಲಿಲ್ಲ. ಅವರೂ ದುಷ್ಟರಾಗಿರಲಿಲ್ಲ, ಪಟ್ಟಣದ ಒಳಿತಿಗೆಂದೇ ತಡೆದರು. ಆ ಕಥೆಯಲ್ಲಿ ಪರೀಕ್ಷೆಗೆ ಒಳಗಾದದ್ದು ಬಂದವನ ಯೋಗ್ಯತೆಯಲ್ಲ, ಬಾಗಿಲಿನ ಯೋಗ್ಯತೆ. ತಲೆತಲಾಂತರದಿಂದ ಈ ಕಥೆಗೆ ಕೈಮುಗಿದ ಜನ, ತಮ್ಮದೇ ಊರ ಶಾಲೆಯ ಬಾಗಿಲಲ್ಲಿ ನಿಂತು ಮಗುವಿನ ಯೋಗ್ಯತೆಯನ್ನು ಅಳೆಯುವುದು ಒಪ್ಪತಕ್ಕದ್ದೆ?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಲ್ಲಿಯೂ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ದಾಖಲಾತಿ ಆರಂಭವಾಗುವ ಮುನ್ನ ನಿಮ್ಮ ಊರಿನಲ್ಲಿ ಮನೆಯಲ್ಲೇ ಉಳಿದ ಮಕ್ಕಳು ಯಾರೆಂದು ಬೀದಿ ಬೀದಿಯಲ್ಲಿ ವಿಚಾರಿಸಿರಿ. ಅಂಥ ಮಗುವಿನ ತಾಯಿ ಶಾಲೆಗೆ ಬರುವ ದಿನ ನಿಮ್ಮಲ್ಲೊಬ್ಬರು ಆಕೆಯ ಜೊತೆಗೆ ನಿಂತಿರಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಅಂಗವಿಕಲರಿಗೆಂದು ಮೀಸಲಿಡಬೇಕಾದ ಶೇಕಡ 5ರ ಹಣದಿಂದ ಈ ವರ್ಷ ಶಾಲೆಗೆ ಏನು ಬಂದಿತೆಂದು ಗ್ರಾಮಸಭೆಯಲ್ಲಿ ಕೇಳಿರಿ. ನಿಮ್ಮ ಶಾಲೆಗೆ ಬಂದುಹೋಗುವ ಸಂಪನ್ಮೂಲ ಶಿಕ್ಷಕರನ್ನು ಕೂರಿಸಿಕೊಂಡು ಅವರಿಗೆ ಏನು ಬೇಕಾಗಿದೆಯೆಂದು ಕೇಳಿರಿ. ಅವರು ತಾಲ್ಲೂಕಿಗೆ ಎಷ್ಟು ಜನ ಇರಬೇಕಾಗಿತ್ತು, ಎಷ್ಟು ಜನ ಇದ್ದಾರೆ ಎಂಬುದನ್ನು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ನಿಮ್ಮ ಶಾಸಕರಿಗೂ ಸಮಿತಿಯ ನಿರ್ಣಯದ ಮೂಲಕ ಕಳುಹಿಸಿರಿ. ಹುದ್ದೆಗಳನ್ನು ತುಂಬಬೇಕೆಂಬ ಆದೇಶ ಆಗಲೇ ಇದೆ. ಅದನ್ನು ಕೇಳುವ ಊರುಗಳು ಬೇಕಾಗಿವೆ.